ಜೇಮರ್ಸನ್ ಬೇಸ್ ಟೋನ್ ಮನೆಯಲ್ಲಿ ರೆಕಾರ್ಡ್ ಮಾಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಬೇಸ್ ಗಿಟಾರ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್ ನಾದವನ್ನು ಮನೆಯಲ್ಲಿ ಹಿಡಿಯಲು ಹೊರಟವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಹಾಡು ಕೇಳುತ್ತಾರೆ, ನಾದ ಮಂದವಾಗಿದೆ ಅನ್ನಿಸುತ್ತದೆ, ಗಿಟಾರಿನ ಟೋನ್ ನಾಬ್ ಪೂರ್ತಿ ಇಳಿಸುತ್ತಾರೆ, ಸಾಫ್ಟ್‌ವೇರಿನಲ್ಲಿ ‘ವಿಂಟೇಜ್’ ಎಂದು ಬರೆದ ಪ್ರಿಸೆಟ್ ಹಾಕುತ್ತಾರೆ. ಬರುವುದು ಕೆಸರು. ಡ್ರಮ್ಸ್ ಸೇರಿದ ಕೂಡಲೇ ಬೇಸ್ ಯಾವ ಸ್ವರ ನುಡಿಯುತ್ತಿದೆ ಎಂಬುದೂ ತಿಳಿಯುವುದಿಲ್ಲ.

ಇಲ್ಲಿ ತಪ್ಪಿರುವುದು ಕೆಲಸದ ಕ್ರಮ. ಆ ನಾದದ ಬಹುಪಾಲು ಕೇಬಲ್ಲಿಗೆ ಇಳಿಯುವ ಮೊದಲೇ ತಯಾರಾಗಿರುತ್ತದೆ: ತಂತಿಯಲ್ಲಿ, ಬ್ರಿಡ್ಜ್ (ಗಿಟಾರಿನ ದೇಹದ ಮೇಲೆ ತಂತಿ ಕೂರುವ ಕುದುರೆ) ಬಳಿಯ ಫೋಮಿನಲ್ಲಿ, ಬೆರಳಿನಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಒಂದು ಹಂತ ಸರಿಹೋಗದೆ ಮುಂದಿನದಕ್ಕೆ ಹೋದರೆ ಆ ದೋಷ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

## ಬೇಕಾಗುವ ಸಾಮಾನು

ಎರಡು ತುಂಡಾಗಿರುವ ಸ್ಪ್ಲಿಟ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವ ಪ್ರಿಸಿಷನ್ ಮಾದರಿಯ ಬೇಸ್ ಗಿಟಾರ್. ಜೇಮರ್ಸನ್ ಬಳಸಿದ್ದು 1962ರ ಫೆಂಡರ್ ಪ್ರಿಸಿಷನ್. ಅಗ್ಗದ ಪ್ರಿಸಿಷನ್ ಮಾದರಿಯೂ ಸಾಕು, ಆದರೆ ಬ್ಯಾಟರಿ ಹಾಕುವ ಆ್ಯಕ್ಟಿವ್ ಸರ್ಕ್ಯೂಟ್ ಇರಬಾರದು. ಎರಡು ಪಿಕಪ್ಪಿನ ಜಾಝ್ ಬೇಸ್ ಮಾತ್ರ ಇದ್ದರೆ ನೆಕ್ (ಗಿಟಾರಿನ ಕತ್ತು) ಕಡೆಯ ಪಿಕಪ್ ಒಂದನ್ನೇ ತೆರೆದಿಡಿ; ಹತ್ತಿರ ಬರುತ್ತದೆ, ಆದರೆ ಸ್ವಲ್ಪ ತೆಳುವಾಗಿ.

ಫ್ಲಾಟ್‌ವೌಂಡ್ (ಹೊರಗೆ ಚಪ್ಪಟೆ ಸುತ್ತು ಇರುವ) ತಂತಿ ಒಂದು ಸೆಟ್, ಆಲನ್ ಕೀಗಳು, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್, ಕಟಿಂಗ್ ಪ್ಲೇಯರ್, ಟ್ಯೂನರ್, ಕೇಪೊ (ತಂತಿಗಳನ್ನು ಒಂದು ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್), ಫೋಮ್ ತುಂಡು, ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝೆಡ್’ ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಈ ಕೆಲಸ ಆಗದು. ಬೇಸಿನ ಅತಿ ದಪ್ಪದ ಇ ತಂತಿಯನ್ನು ತೆರೆದು, ಅಂದರೆ ಎಲ್ಲೂ ಒತ್ತದೆ, ಮೀಟಿದಾಗಿನ ಮೂಲ ಸ್ವರ 41 ಹರ್ಟ್ಸ್. ಲ್ಯಾಪ್‌ಟಾಪ್ ಸ್ಪೀಕರ್ ಅದರ ಹತ್ತಿರಕ್ಕೂ ಇಳಿಯುವುದಿಲ್ಲ. ಇಲ್ಲದ ಕೆಳನಾದವನ್ನು ಇಕ್ವಲೈಸರಿನಿಂದ (ನಾದದ ಒಂದೊಂದು ಭಾಗವನ್ನು ಏರಿಸಿ ಇಳಿಸುವ ಸಾಧನ) ಎಳೆದು ತರಲು ಹೋಗಿ ಇಡೀ ರೆಕಾರ್ಡಿಂಗ್ ಕೆಡುತ್ತದೆ.

ಆ್ಯಂಪ್ ಬೇಕಿಲ್ಲ. ಜೇಮರ್ಸನ್ ಕ್ಲಬ್ಬುಗಳಲ್ಲಿ ಆಂಪೆಗ್ ಬಿ-15 ಬಳಸಿದರೂ, ಡೆಟ್ರಾಯಿಟಿನಲ್ಲಿದ್ದ ಮೋಟೌನಿನ ಹಿಟ್ಸ್‌ವಿಲ್ ಸ್ಟುಡಿಯೊದಲ್ಲಿ ಸಾಮಾನ್ಯವಾಗಿ ಗಿಟಾರ್ ವಾದಕರ ಜತೆಗೇ ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೆ ಕೇಬಲ್ ಚುಚ್ಚುತ್ತಿದ್ದರು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇದಕ್ಕಿಂತ ಅನುಕೂಲದ ಸಂಗತಿ ಇನ್ನೊಂದಿಲ್ಲ.

## ಹಂತ 1: ಒಂದು ರೆಕಾರ್ಡಿಂಗ್, ಹತ್ತು ಸೆಕೆಂಡು

‘ಮೋಟೌನ್ ಬೇಸ್’ ಎಂಬ ಒಂದೇ ನಾದ ಇಲ್ಲ. ಹತ್ತು ಹಾಡುಗಳ ಸರಾಸರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಯಾವುದೂ ಸಿಗದು. ಒಂದು ಹಾಡು ಆರಿಸಿ, ಅದರಲ್ಲೂ ಹತ್ತು ಸೆಕೆಂಡು.

ಶುರುಮಾಡಲು ‘ದ ಟೆಂಪ್ಟೇಷನ್ಸ್’ ತಂಡದ 1964ರ ‘ಮೈ ಗರ್ಲ್’ ತುಂಬ ಒಳ್ಳೆಯದು. ಹಾಡಿನ ಆರಂಭದಲ್ಲಿ ಗಿಟಾರ್ ಬರುವ ಮೊದಲು ಬೇಸ್ ಒಂಟಿಯಾಗಿ ಕೇಳಿಸುತ್ತದೆ. ಸ್ವರದ ಹುಟ್ಟು, ಉಳಿಯುವ ಕಾಲ, ಸಾಯುವ ರೀತಿ ಮೂರೂ ಅಲ್ಲಿ ಬಿಚ್ಚಿಟ್ಟಂತಿವೆ. ಸಂಚಾರ ಹೆಚ್ಚಿರುವ ನುಡಿಸಾಣಿಕೆ ಬೇಕಾದರೆ ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ ಹಾಡಿದ 1967ರ ‘ಏಂಟ್ ನೋ ಮೌಂಟನ್ ಹೈ ಇನಫ್’ ತೆಗೆದುಕೊಳ್ಳಿ.

ನುಡಿಸಿದವರು ಯಾರೆಂದು ಖಚಿತ ಮಾಡಿಕೊಳ್ಳಿ. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ಅದೇ ಹೆಸರಿನ ಹಾಡಿಗೆ ಜೇಮರ್ಸನ್ ನುಡಿಸಿದ್ದಾರೆ. ‘ಮರ್ಸಿ ಮರ್ಸಿ ಮಿ’, ‘ಇನ್ನರ್ ಸಿಟಿ ಬ್ಲೂಸ್’ ಹಾಡುಗಳಲ್ಲಿ ಇರುವುದು ಬಾಬ್ ಬ್ಯಾಬಿಟ್. ಎರಡೂ ಸೊಗಸು, ಆದರೆ ಬೆರಳು ಬೇರೆ. ಒಬ್ಬರ ಕೈಯ ನಾದವನ್ನು ಇನ್ನೊಬ್ಬರ ವಿಧಾನದಿಂದ ಹುಡುಕಬೇಡಿ.

ಆರಿಸಿದ ಭಾಗವನ್ನು ಸಾಫ್ಟ್‌ವೇರಿನ ಒಂದು ಟ್ರ್ಯಾಕಿನಲ್ಲಿ ಹಾಕಿ. ಮೊದಲು ಶ್ರುತಿ ನೋಡಿ: ಟೇಪಿನ ವೇಗದಿಂದಾಗಿ ಹಳೆಯ ರೆಕಾರ್ಡಿಂಗುಗಳು 440 ಹರ್ಟ್ಸ್ ಶ್ರುತಿಗಿಂತ ತುಸು ಮೇಲೋ ಕೆಳಗೋ ಇರಬಹುದು. ಗಿಟಾರನ್ನು ಅದಕ್ಕೆ ಹೊಂದಿಸಿ, ಇಲ್ಲವೇ ಟ್ರ್ಯಾಕನ್ನೇ ಕೆಲವು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ) ಸರಿಸಿ. ಶ್ರುತಿ ತಪ್ಪಿದ್ದರೆ ಟೋನ್ ಹೋಲಿಸುವ ಕಿವಿ ಮೋಸಹೋಗುತ್ತದೆ.

ಹಾಡಿನಿಂದ ಬೇಸನ್ನು ಬಿಡಿಸಿ ಕೊಡುವ ಡೆಮುಕ್ಸ್‌ನಂಥ ಸಾಫ್ಟ್‌ವೇರುಗಳನ್ನು ಸ್ವರ ಗುರುತಿಸಲು ಮಾತ್ರ ಬಳಸಿ. ಬೆರಳು ತಂತಿಯನ್ನು ಬಿಡುವ ಕ್ಷಣದ ಸದ್ದನ್ನು ಅವು ಎಷ್ಟೋ ಸಲ ಡ್ರಮ್ಸ್ ಕಡೆಗೆ ಹಾಕಿಬಿಡುತ್ತವೆ. ಹಾಗೆ ಬಿಡಿಸಿದ ಬೇಸ್ ನಿಜಕ್ಕಿಂತ ಮಂದವಾಗಿ ಕೇಳಿಸುತ್ತದೆ, ಕೇಳಿದವರು ಟೋನ್ ನಾಬ್ ಇಳಿಸುತ್ತಾರೆ.

## ಹಂತ 2: ತಂತಿ

ದುಂಡು ಸುತ್ತಿನ ರೌಂಡ್‌ವೌಂಡ್ ತಂತಿಯ ಮೇಲೆ ಈ ನಾದ ಬರುವುದೇ ಇಲ್ಲ. ಹಳೆಯದಾದರೂ ಬರುವುದಿಲ್ಲ. ರೌಂಡ್‌ವೌಂಡಿನ ಝಣತ್ಕಾರವನ್ನು ಇಕ್ವಲೈಸರಿನಿಂದ ಕತ್ತರಿಸಿದರೆ ಅದರೊಂದಿಗೆ ಬೆರಳಿನ ಪೆಟ್ಟೂ ಹೋಗುತ್ತದೆ. ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡಿನಲ್ಲಿ ಝಣತ್ಕಾರ ಹುಟ್ಟುವುದೇ ಕಡಿಮೆ, ಪೆಟ್ಟು ಮಾತ್ರ ಉಳಿಯುತ್ತದೆ.

ಜೇಮರ್ಸನ್ ಹಾಕುತ್ತಿದ್ದದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್. ಆ ಸೆಟ್ಟಿನ ಅಳತೆ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ 52ರಿಂದ 110. ಮೊದಲ ಬಾರಿಗೆ ಅಷ್ಟು ದಪ್ಪಕ್ಕೆ ಹೋಗಬೇಡಿ, 45–105 ತೆಗೆದುಕೊಳ್ಳಿ. 110ರ ಇ ತಂತಿ ಸಾಮಾನ್ಯ ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ತೋಡಿನಲ್ಲಿ ಪೂರ್ತಿ ಕೂರದೆ ಮೇಲೇ ನಿಲ್ಲಬಹುದು. ಆಗ ಮೊದಲ ಮೂರು ಫ್ರೆಟ್ಟುಗಳಲ್ಲಿ ಶ್ರುತಿ ಏರುತ್ತದೆ, ಬಿರಡೆ ತಿರುಗಿಸುವಾಗ ‘ಟಿಕ್’ ಎಂದು ಸದ್ದಾಗುತ್ತದೆ. ಈ ಸದ್ದು ಬಂದರೆ ನಟ್ ಉಜ್ಜಿಸದೆ ಮುಂದುವರಿಯಬಾರದು.

ತಂತಿ ಹಾಕುವ ಕ್ರಮ:

1. ಒಂದೊಂದಾಗಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿ ನೆಕ್ ಮೇಲಿನ ಎಳೆತ ತೆಗೆಯಬೇಡಿ.
2. ತಂತಿಯನ್ನು ಅದರ ಬಿರಡೆಯಿಂದ 10–12 ಸೆಂ.ಮೀ. ಮುಂದೆ ಅಳೆದು, ಅಲ್ಲಿ ಮೊದಲು ಲಂಬಕೋನಕ್ಕೆ ಬಗ್ಗಿಸಿ, ಬಾಗಿನ ಆಚೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಹೊರಸುತ್ತು ಒಳಗಿನ ಎಳೆಯ ಮೇಲೆ ಸಡಿಲವಾಗಿ ಜಾರುತ್ತದೆ. ಆಮೇಲೆ ಆ ತಂತಿ ಎಂದೂ ಶ್ರುತಿಗೆ ನಿಲ್ಲುವುದಿಲ್ಲ. ಫ್ಲಾಟ್‌ವೌಂಡ್ ದುಬಾರಿ; ಇಲ್ಲಿ ಅವಸರ ಬೇಡ.
3. ತುದಿಯ ಬಣ್ಣದ ರೇಷ್ಮೆ ಸುತ್ತು ಬಿರಡೆಯ ಕಡೆಗೇ ಇರಲಿ, ನಟ್ ದಾಟಿ ಈಚೆ ಬರಬಾರದು.
4. ದೇಹದ ಹಿಂಬದಿಯಿಂದ ತೂರಿಸುವ ರಂಧ್ರಗಳಿದ್ದರೂ ಬ್ರಿಡ್ಜ್ ಮೇಲಿಂದಲೇ ಹಾಕಿ. ಕಡಿದಾದ ಬಾಗಿನಲ್ಲಿ ಫ್ಲಾಟ್‌ವೌಂಡಿನ ಸುತ್ತು ಬಿರಿಯಬಹುದು.

ಹೊಸ ಫ್ಲಾಟ್‌ವೌಂಡಿನಲ್ಲೂ ಮೊದಮೊದಲು ಒಂದು ಹೊಳಪು ಇರುತ್ತದೆ. ದಿನವೂ ನುಡಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಜೇಮರ್ಸನ್ ತಂತಿ ತುಂಡಾಗುವವರೆಗೆ ಬದಲಿಸುತ್ತಲೇ ಇರಲಿಲ್ಲ. ನೀವೂ ತೊಳೆಯುವ, ಕುದಿಸುವ ಗೋಜಿಗೆ ಹೋಗಬೇಡಿ. ಹಳೆಯದಾಗುವುದು ಬೇರೆ, ತುಕ್ಕು ಹಿಡಿಯುವುದು ಬೇರೆ: ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ನುಡಿಸುವವರು ಪ್ರತಿ ಸಲವೂ ಒಣಬಟ್ಟೆಯಿಂದ ಒರೆಸಲೇಬೇಕು. ತುಕ್ಕಿನ ತಂತಿ ಬೆರಳಿಗೆ ಗರಗರ ಅನ್ನಿಸುತ್ತದೆ, ಆ ಗರಗರ ರೆಕಾರ್ಡಿಂಗಿನಲ್ಲೂ ಕೇಳಿಸುತ್ತದೆ.

## ಹಂತ 3: ನೆಕ್ ಮತ್ತು ತಂತಿಯ ಎತ್ತರ

ಹೊಸ ತಂತಿಯ ಎಳೆತ ಹೆಚ್ಚಾದರೆ ನೆಕ್ ಮುಂದಕ್ಕೆ ಬಾಗುತ್ತದೆ. ಶ್ರುತಿ ಮಾಡಿ ಒಂದು ದಿನ ಬಿಡಿ, ಆಮೇಲೆ ಅಳೆಯಿರಿ. 1ನೇ ಫ್ರೆಟ್ಟಿನಲ್ಲಿ ಕೇಪೊ ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. 7ನೇ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಇರಲಿ. ಹೆಚ್ಚಿದ್ದರೆ ನೆಕ್ಕಿನ ಒಳಗಿರುವ ಲೋಹದ ಸರಳಾದ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಲ ಹಾಕಿದರೂ ತಿರುಗದಿದ್ದರೆ ನಿಲ್ಲಿಸಿ, ಗಿಟಾರ್ ರಿಪೇರಿ ಬಲ್ಲವರಿಗೆ ಕೊಡಿ. ಮುರಿದ ಟ್ರಸ್ ರಾಡ್ ಸರಿಪಡಿಸುವುದು ಸುಲಭವಲ್ಲ.

12ನೇ ಫ್ರೆಟ್ಟಿನಲ್ಲಿ ಇ ತಂತಿಯ ಎತ್ತರ 2.75–3 ಮಿ.ಮೀ., ಅತಿ ತೆಳುವಾದ ಜಿ ತಂತಿಯದು 2.25–2.5 ಮಿ.ಮೀ. ಇಡಿ. ತೀರ ಕೆಳಗಿಟ್ಟರೆ ಗಟ್ಟಿಯಾಗಿ ಮೀಟಿದಾಗ ತಂತಿ ಫ್ರೆಟ್ಟಿಗೆ ಬಡಿದು ‘ಚಟ್’ ಎನ್ನುತ್ತದೆ. ಈ ನಾದದಲ್ಲಿ ಆ ಚಟಪಟ ಇಲ್ಲ. ಜೇಮರ್ಸನ್ ಅವರ ತಂತಿಗಳು ಇದಕ್ಕಿಂತ ಬಹಳ ಎತ್ತರದಲ್ಲಿದ್ದವು. ಮೊದಲು ಡಬಲ್ ಬೇಸ್ ನುಡಿಸಿ ಪಳಗಿದ ಕೈ ಅದು. ಎತ್ತರವನ್ನು ಅನುಕರಿಸಲು ಹೋಗಿ ಮಣಿಕಟ್ಟಿಗೆ ನೋವು ತಂದುಕೊಳ್ಳಬೇಡಿ.

## ಹಂತ 4: ಫೋಮ್

ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರ ಇಟ್ಟರೆ ಮೇಲಿನ ಸ್ವರಾಂಶಗಳು ಎದ್ದು ನಾದ ಝೇಂಕರಿಸುತ್ತದೆ. ಫೋಮ್ ಮಾಡುವುದು ಇದಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ: ಅದೇ ಜಾಗದಲ್ಲಿ, ಬ್ರಿಡ್ಜ್ ಪಕ್ಕ, ಆ ಸ್ವರಾಂಶಗಳನ್ನು ಹೀರಿ ಸ್ವರವನ್ನು ಬೇಗ ಮುಗಿಸುತ್ತದೆ. ಆ ಕಾಲದ ಫೆಂಡರ್ ಬೇಸಿನಲ್ಲಿ ಬ್ರಿಡ್ಜ್ ಮೇಲೆ ಕ್ರೋಮ್ ಮುಚ್ಚಳ, ಅದರ ಒಳಗೆ ಫೋಮ್ ಇರುತ್ತಿತ್ತು. ಎಷ್ಟೋ ವಾದಕರು ಮುಚ್ಚಳ ಕಿತ್ತು ಬದಿಗಿಡುತ್ತಿದ್ದರು, ಜೇಮರ್ಸನ್ ಇಟ್ಟುಕೊಂಡರು.

ಮುಚ್ಚಳ ಇಲ್ಲದವರು ತಂತಿಯ ಕೆಳಗಿನಿಂದ ಇಡಬಹುದು. ಬ್ರಿಡ್ಜ್ ಪಕ್ಕದಲ್ಲಿ ತಂತಿಗೂ ಮರಕ್ಕೂ ಇರುವ ಅಂತರ ಅಳೆಯಿರಿ. ಅದಕ್ಕಿಂತ 3–4 ಮಿ.ಮೀ. ಹೆಚ್ಚು ದಪ್ಪದ, 7 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಮೆತ್ತನೆಯ ಫೋಮ್ ಕತ್ತರಿಸಿ ತೂರಿಸಿ. ಪಾತ್ರೆ ತೊಳೆಯುವ ಸ್ಪಂಜಿನ ಹಳದಿ ಭಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಹಸಿರು ಒರಟು ಪದರವನ್ನು ಕತ್ತರಿಸಿ ತೆಗೆದುಬಿಡಿ. ಪ್ಯಾಕಿಂಗಿಗೆ ಬರುವ ಗಟ್ಟಿ ಬಿಳಿ ಫೋಮ್ ಬೇಡ, ಅದು ಒತ್ತಿಕೊಳ್ಳದೆ ತಂತಿಯನ್ನು ಮೇಲೆತ್ತುತ್ತದೆ.

ಪರೀಕ್ಷೆ ಹೀಗೆ: ಎ ತಂತಿಯ 3ನೇ ಫ್ರೆಟ್ಟಿನಲ್ಲಿ ಸಿ ಸ್ವರ ಮೀಟಿ ಬೆರಳು ಎತ್ತದೆ ಕಾಯಿರಿ. ಒಂದೂವರೆ ಎರಡು ಸೆಕೆಂಡಿನಲ್ಲಿ ತಾನಾಗಿ ಅಡಗಬೇಕು. ನಾಲ್ಕು ಸೆಕೆಂಡು ಉಳಿದರೆ ಫೋಮ್ ಮುಟ್ಟಿಯೇ ಇಲ್ಲ. ಸ್ವರವೇ ತಿಳಿಯದೆ ‘ಢಬ್’ ಎಂದರೆ ಹೆಚ್ಚು ಒತ್ತಿದೆ, ಅಥವಾ ಬ್ರಿಡ್ಜಿನಿಂದ ದೂರ ಸರಿದಿದೆ. ಜಿ ತಂತಿ ಸತ್ತು ಇ ತಂತಿ ಮೊಳಗುತ್ತಿದ್ದರೆ ಜಿ ಕಡೆಯ ತುದಿಯನ್ನು ಓರೆಯಾಗಿ ಸವರಿ ತೆಳು ಮಾಡಿ. ಫೋಮ್ ಇಟ್ಟ ಮೇಲೆ ಶ್ರುತಿ ಮತ್ತೆ ನೋಡಿ, ತುಸು ಬದಲಾಗಿರುತ್ತದೆ.

ಈ ಹಂತ ಬಿಟ್ಟವರು ಒಂದು ದೊಡ್ಡ ಲಾಭ ಕಳೆದುಕೊಳ್ಳುತ್ತಾರೆ. ಜೇಮರ್ಸನ್ ತೆರೆದ ತಂತಿಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಫೋಮ್ ಇಲ್ಲದ ಗಿಟಾರಿನಲ್ಲಿ ತೆರೆದ ತಂತಿ ಒತ್ತಿದ ಸ್ವರಗಳ ನಡುವೆ ಎದ್ದು ಕಾಣುತ್ತದೆ. ಫೋಮ್ ಇದ್ದರೆ ಎರಡರ ಬಣ್ಣವೂ ಹತ್ತಿರವಾಗಿ ಸಾಲು ಒಂದೇ ಉಸಿರಿನಂತೆ ಹರಿಯುತ್ತದೆ.

## ಹಂತ 5: ಬೆರಳು

ಮೀಟುವುದು ಬಲಗೈ ತೋರುಬೆರಳು ಒಂದೇ. ‘ದ ಹುಕ್’ ಎಂದು ಹೆಸರಾದದ್ದು ಆ ಬೆರಳು. ಎರಡು ಬೆರಳು ಸರದಿಯಲ್ಲಿ ನುಡಿಸಿದರೆ ಎರಡರ ಉದ್ದ, ಮಾಂಸಲತೆ, ಕೋನ ಬೇರೆಯಾಗಿ ಪೆಟ್ಟು ಒಂದು ಬಿಟ್ಟು ಒಂದು ಬದಲಾಗುತ್ತದೆ. ಒಂದೇ ಬೆರಳಿನಲ್ಲಿ ಆ ತಾರತಮ್ಯ ಇಲ್ಲ, ಅದರ ಬದಲು ಲಯದ ಒತ್ತು ತಾನಾಗಿ ಬರುತ್ತದೆ.

ಉಗುರು ಪೂರ್ತಿ ಕತ್ತರಿಸಿ. ಪಿಕಪ್ಪಿನ ಮೇಲೆ, ಬೆರಳ ತುದಿಯ ಮಾಂಸಲ ಭಾಗದಿಂದ ಮೀಟಿ. ಜೇಮರ್ಸನ್ ಉಂಗುರ ಬೆರಳು, ಕಿರುಬೆರಳನ್ನು ಪಿಕಪ್ ಮುಚ್ಚಳದ ಮೇಲೆ ಊರುತ್ತಿದ್ದರು; ಮುಚ್ಚಳ ಇಲ್ಲದವರು ಹೆಬ್ಬೆರಳನ್ನು ಪಿಕಪ್ಪಿಗೆ ಊರಿ. ತೆಳು ತಂತಿಯಿಂದ ದಪ್ಪ ತಂತಿಗೆ ಇಳಿಯುವಾಗ ಬೆರಳನ್ನು ಎತ್ತಬೇಡಿ, ಒಂದೇ ಎಳೆತದಲ್ಲಿ ಮುಂದಿನ ತಂತಿಯನ್ನೂ ಮೀಟಿಕೊಂಡು ಹೋಗಿ. ವೇಗದ ಸಾಲುಗಳು ಕೈಗೂಡುವುದು ಹೀಗೆ.

ಅಭ್ಯಾಸಕ್ಕೆ ಮೆಟ್ರೊನೋಮ್ 70ಕ್ಕೆ ಇಟ್ಟು, ಬೀಟಿಗೆ ಎರಡರಂತೆ ಒಂದೇ ಸ್ವರವನ್ನು 16 ಸಲ ರೆಕಾರ್ಡ್ ಮಾಡಿ. ಪರದೆಯ ಮೇಲೆ ಅಲೆಗಳ ಎತ್ತರ ನೋಡಿ. ಒಂದು ಅಲೆ ಪಕ್ಕದ್ದರ ಅರ್ಧದಷ್ಟೇ ಇದ್ದರೆ ಸದ್ದಿನ ಏರಿಳಿತ ತಗ್ಗಿಸುವ ಯಾವ ಕಂಪ್ರೆಸರೂ ಅದನ್ನು ಚೆನ್ನಾಗಿ ಮುಚ್ಚದು. ಮೇಲ್ನೋಟಕ್ಕೆ ಸಮವಾಗಿ ಕಾಣುವವರೆಗೆ ವೇಗ ಹೆಚ್ಚಿಸಬೇಡಿ.

ಮೃದುವಾಗಿ ಮೀಟಿ ಗೇನ್ (ಇಂಟರ್‌ಫೇಸಿಗೆ ಬರುವ ಸದ್ದಿನ ಮಟ್ಟ) ಏರಿಸುವುದು ಇಲ್ಲಿ ಅತಿ ಸಾಮಾನ್ಯ ತಪ್ಪು. ಫೋಮ್ ಇರುವ ತಂತಿಗೆ ಬೆರಳಿನ ಬಲ ಬೇಕು, ಇಲ್ಲದಿದ್ದರೆ ಸ್ವರದ ಮುಖವೇ ಕಾಣುವುದಿಲ್ಲ.

## ಹಂತ 6: ಕೇಬಲ್ಲಿನಿಂದ ಕಂಪ್ಯೂಟರಿಗೆ

ವಾಲ್ಯೂಮ್ ನಾಬ್ ಪೂರ್ತಿ. ಟೋನ್ ನಾಬ್ ಕೂಡ ಪೂರ್ತಿ ತೆರೆದಿಡಿ. ಹಲವರು ನಂಬದ ಮಾತು ಇದು, ಆದರೆ ಜೇಮರ್ಸನ್ ಇಟ್ಟುಕೊಳ್ಳುತ್ತಿದ್ದದ್ದೂ ಹೀಗೆಯೇ. ತಂತಿ, ಫೋಮ್ ಸೇರಿ ಹೊಳಪನ್ನು ಆಗಲೇ ತೆಗೆದಿವೆ. ಉಳಿದಿರುವ ಮೇಲ್ಭಾಗ ಬೆರಳಿನ ಪೆಟ್ಟು. ಚಿಕ್ಕ ಸ್ಪೀಕರಿನಲ್ಲೂ ಬೇಸ್ ತಿಳಿಯುವಂತೆ ಮಾಡುವುದು ಅದೇ.

ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಗುಂಡಿ ಒತ್ತಿರಬೇಕು. ಪ್ಯಾಸಿವ್ ಪಿಕಪ್ಪಿಗೆ ಸುಮಾರು 1 ಮೆಗಾ ಓಮ್ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ಪಿಕಪ್ ಮೇಲೆ ಭಾರ ಬಿದ್ದು ಸದ್ದು ಸಣ್ಣದಾಗಿ, ಮೇಲ್ಭಾಗ ಸತ್ತು ಬರುತ್ತದೆ. 24 ಬಿಟ್, 44.1 ಅಥವಾ 48 ಕಿಲೋಹರ್ಟ್ಸ್ ಆರಿಸಿ. ಇಡೀ ಹಾಡಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಮೀಟುವ ಸ್ವರ ನುಡಿಸಿ, ಮೀಟರ್ −12ರಿಂದ −10 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್ ಇಡಿ. ಇಂಟರ್‌ಫೇಸಿನ ಕೆಂಪು ದೀಪ ಹತ್ತಿದರೆ ಬರುವ ಒಡಕು ಹಳೆಯ ಕನ್ಸೋಲಿನ ಬಿಸಿ ಒರಟುತನವಲ್ಲ, ಬರೀ ಹರಿದ ಸದ್ದು.

ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದಿನ ವಿಷಯದಲ್ಲಿ ಇಲ್ಲಿ ನಮಗೊಂದು ವಿಶೇಷ ತೊಂದರೆ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಇ ತಂತಿಯ 3ನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಡೆಟ್ರಾಯಿಟಿನ 60 ಹರ್ಟ್ಸ್ ಹಮ್ ಎ ಶಾರ್ಪ್ ಮತ್ತು ಬಿ ಸ್ವರಗಳ ನಡುವೆ ಬೀಳುತ್ತದೆ. ನಮ್ಮದು ಜಿ ಮೇಲೇ ಕೂರುತ್ತದೆ. ರೆಕಾರ್ಡ್ ಆದ ಮೇಲೆ ಅದನ್ನು ಕತ್ತರಿಸಲು ಹೋದರೆ ಜಿ ಸ್ವರವೂ ಹೋಗುತ್ತದೆ. ಆದ್ದರಿಂದ ಹಮ್ ಮೂಲದಲ್ಲೇ ನಿಲ್ಲಬೇಕು. ಸ್ಪ್ಲಿಟ್ ಕಾಯಿಲ್ ಪಿಕಪ್ ತಾನಾಗಿ ಹಮ್ ತಡೆಯುತ್ತದೆ. ಆದರೂ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ದೀಪ ಆರಿಸಿ ನೋಡಿ, ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷಿಸಿ. ಕರೆಂಟು ಹೋಗಿ ಮನೆ ಇನ್ವರ್ಟರಿನಲ್ಲಿ ನಡೆಯುತ್ತಿರುವಾಗ ರೆಕಾರ್ಡ್ ಮಾಡಬೇಡಿ. ಮೂರನೇ ಪಿನ್ ಮುರಿದು ಹಮ್ ನಿಲ್ಲಿಸುವ ಉಪಾಯ ಪ್ರಾಣಕ್ಕೆ ಅಪಾಯ, ಎಂದಿಗೂ ಮಾಡಬೇಡಿ.

## ಹಂತ 7: ಸಾಫ್ಟ್‌ವೇರಿನ ಕೆಲಸ

ಇಲ್ಲಿಯವರೆಗಿನದು ಸರಿಯಾಗಿದ್ದರೆ ಈ ಹಂತ ಹತ್ತು ನಿಮಿಷದ್ದು. ಗಂಟೆಗಟ್ಟಲೆ ಹಿಡಿಯುತ್ತಿದ್ದರೆ ಹಿಂದೆ ಎಲ್ಲೋ ತಪ್ಪಿದೆ, 4 ಮತ್ತು 5ನೇ ಹಂತಕ್ಕೆ ಮರಳಿ.

1. 30 ಹರ್ಟ್ಸಿಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆಯಿರಿ.
2. ಟ್ಯೂಬ್ ಅಥವಾ ಟೇಪ್ ಮಾದರಿಯ ಸ್ಯಾಚುರೇಷನ್ (ನಾದಕ್ಕೆ ತುಸು ಒಡಕು ಸೇರಿಸುವ ಪರಿಣಾಮ) ಹಾಕಿ. ಕನ್ಸೋಲಿನಲ್ಲಿ ಜೇಮರ್ಸನ್ ಅವರ ಮಟ್ಟ ತುಸು ಮಿತಿ ಮೀರುವಷ್ಟು ಇರುತ್ತಿತ್ತು, ಅದರಿಂದ ಸಣ್ಣ ಒರಟುತನ ಬರುತ್ತಿತ್ತು. ಗಟ್ಟಿ ಸ್ವರಗಳಲ್ಲಿ ಮಾತ್ರ ಆ ಒರಟುತನ ಕೇಳಿಸಲಿ, ಮೆಲ್ಲಗಿನ ಸ್ವರ ಶುದ್ಧವಾಗಿರಲಿ.
3. ಕಂಪ್ರೆಸರ್: ಅನುಪಾತ 4:1, ಅಟ್ಯಾಕ್ 20–30 ಮಿಲಿಸೆಕೆಂಡ್, ರಿಲೀಸ್ 100–150. ಸೂಜಿ 3–4 ಡೆಸಿಬೆಲ್ ಇಳಿದರೆ ಸಾಕು. ಅಟ್ಯಾಕ್ 5ಕ್ಕೆ ಇಳಿಸಿದರೆ ಬೆರಳಿನ ಪೆಟ್ಟು ನುಂಗಿಹೋಗುತ್ತದೆ.
4. ಇಕ್ವಲೈಸರ್: ಕೆಸರೆನಿಸಿದರೆ 200–300 ಹರ್ಟ್ಸ್ ನಡುವೆ 2 ಡೆಸಿಬೆಲ್ ಇಳಿಸಿ. ಸ್ವರ ಮರೆಯಾದರೆ 700–900ರ ಬಳಿ 1–2 ಡೆಸಿಬೆಲ್ ಏರಿಸಿ. 4–5 ಕಿಲೋಹರ್ಟ್ಸಿನ ಮೇಲೆ ಮೆಲ್ಲಗೆ ಇಳಿಯುವ ಲೋಪಾಸ್.

ಬೇಸಿಗೆ ರಿವರ್ಬ್ ಬೇಡ.

## ಹಂತ 8: ಹೋಲಿಕೆ

ಮೂಲ ಮತ್ತು ನಿಮ್ಮದು ಎರಡರ ಗಟ್ಟಿತನ ಸಮ ಮಾಡಿ, ಆಮೇಲೆ ಹೋಲಿಸಿ. ಹೆಚ್ಚು ಗಟ್ಟಿಯಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ನಿಮ್ಮ ಬೇಸನ್ನು ಒಂಟಿಯಾಗಿ ಕೇಳಿ ತೀರ್ಮಾನಿಸಬೇಡಿ. ಸರಳ ಡ್ರಮ್ ಟ್ರ್ಯಾಕ್, ಟ್ಯಾಂಬರಿನ್ (ಖಂಜರಿಯಂಥ ವಾದ್ಯ) ಜತೆಗಿಟ್ಟು ಕೇಳಿ. ಒಂಟಿಯಾಗಿ ಕೇಳಿದಾಗ ಈ ಟೋನ್ ಒರಟಾಗಿ, ಮೊಂಡಾಗಿ ಇರುವುದೇ ಸಹಜ. ಕೊನೆಗೆ ಮೋನೋ ಮಾಡಿ, ಸದ್ದು ತಗ್ಗಿಸಿ, ಫೋನಿನ ಸ್ಪೀಕರಿನಲ್ಲಿ ಕೇಳಿ. ಕೆಳನಾದ ಬಾರದಿದ್ದರೂ ಬೇಸಿನ ಸಾಲನ್ನು ಗುನುಗಲು ಆಗುವಂತಿರಬೇಕು.

## ದೋಷ ಕಂಡರೆ ಎಲ್ಲಿ ನೋಡಬೇಕು

ಡ್ರಮ್ಸ್ ಸೇರಿದಾಗ ಬೇಸ್ ಮಾಯವಾಗುತ್ತದೆ: ಟೋನ್ ನಾಬ್ ಮುಚ್ಚಿದೆ, ಅಥವಾ ಮೃದುವಾಗಿ ಮೀಟುತ್ತಿದ್ದೀರಿ. ಕೆಳನಾದ ಏರಿಸುವುದು ಪರಿಹಾರವಲ್ಲ.

ಸ್ವರಗಳು ಒಂದರ ಮೇಲೊಂದು ಬಿದ್ದು ಗುಂಯ್‌ಗುಡುತ್ತವೆ: ಫೋಮ್ ಸಾಲದು, ಅಥವಾ ಎಡಗೈ ಸ್ವರವನ್ನು ಸಮಯಕ್ಕೆ ಬಿಡುತ್ತಿಲ್ಲ.

ಜಿ ಸ್ವರ ಮಾತ್ರ ಅಲೆ ಅಲೆಯಾಗಿ ಏರಿಳಿಯುತ್ತದೆ: 50 ಹರ್ಟ್ಸ್ ಹಮ್ ಅದರೊಂದಿಗೆ ಸೇರಿ ಸೆಕೆಂಡಿಗೆ ಒಂದರಂತೆ ಮಿಡಿಯುತ್ತಿದೆ. 6ನೇ ಹಂತಕ್ಕೆ ಹೋಗಿ.

ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ತಪ್ಪುತ್ತದೆ: ತಂತಿ ಬದಲಿಸಿದ ಮೇಲೆ ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ಸಣ್ಣ ತುಂಡು) ಸರಿಸಿಲ್ಲ. 12ನೇ ಫ್ರೆಟ್ಟಿನ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಮುಂಗೈ ಬಿಗಿದು ನೋಯುತ್ತದೆ: ಅಂದಿಗೆ ನಿಲ್ಲಿಸಿ. ತಂತಿಯ ಎತ್ತರ ಕಾಲು ಮಿ.ಮೀ. ಇಳಿಸಿ, ಮರುದಿನ ಮೆಟ್ರೊನೋಮ್ 60ರಿಂದ ಮತ್ತೆ ಶುರುಮಾಡಿ.